ಯೆಫ್ತಾಹನ ಮಗಳೂ ಯಾಯೀರನ ಮಗಳೂ



ದೇವರ ವಾಕ್ಯದಲ್ಲಿ ಇಬ್ಬರು ತಂದೆಗಳ ಸಂಗತಿಯು ಬರೆದಿರುತ್ತದೆ. ಒಬ್ಬನು ಗಿಲ್ಯಾದಿನ ಯೆಫ್ತಾಹನು. ಅವನ ಚರಿತ್ರೆಯು ನ್ಯಾಯಸ್ಥಾಪಕರ ಪುಸ್ತಕದ 11ನೆಯ ಅಧ್ಯಾಯದಲ್ಲಿದೆ. ಮತ್ತೊಬ್ಬನು ಸಭಾಮಂದಿರದ ಅಧಿಕಾರಿಯಾದ ಯಾಯೀರನು. ಅವನ ಸಂಗತಿಯನ್ನು ಮಾರ್ಕನು 5ನೆಯ ಅಧ್ಯಾಯದಲ್ಲಿಯೂ ಲೂಕನು 8ನೆಯ ಅಧ್ಯಾಯದಲ್ಲಿಯೂ ಬರೆದಿಟ್ಟಿದ್ದಾರೆ. ಇಬ್ಬರೂ ದೇವರನ್ನು ನಂಬಿದವರು. ಇಬ್ಬರಿಗೂ ಒಬ್ಬೊಬ್ಬಳೇ ಮಗಳು. ಆದರೆ ಒಬ್ಬನ ಮನೆಯಲ್ಲಿ ಮಗಳು ತಂದೆಯ ಮಾತಿಗೆ ಬೆಲೆಯಾಗಿ ಹೋದಳು; ಮತ್ತೊಬ್ಬನ ಮನೆಯಲ್ಲಿ ತಂದೆಯು ಮಗಳಿಗೋಸ್ಕರ ತನ್ನ ಮಾನಮರ್ಯಾದೆಯನ್ನು ಬದಿಗಿಟ್ಟು ಜನರೆದುರಿಗೆ ನೆಲಕ್ಕೆ ಬಿದ್ದನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳ ಹಳ್ಳಿಗಳಲ್ಲಿರುವ ನಮ್ಮ ಸಭೆಗಳವರು ಈ ತಿಂಗಳಲ್ಲಿ ಆ ಭಾಗಗಳನ್ನು ಒಟ್ಟಿಗೆ ಓದಬೇಕೆಂದು ನಮ್ಮ ಅಪೇಕ್ಷೆ. ದೊಡ್ಡವರಿಗೆ ಓದು ಬಾರದ ಮನೆಯಲ್ಲಿ ಶಾಲೆಗೆ ಹೋಗುವ ಮಗಳಿಂದಲೇ ಓದಿಸಿ ಕೇಳಿರಿ. ಈ ಸಂಗತಿಯನ್ನು ಅವಳ ಬಾಯಿಂದ ಕೇಳುವದು ಹೆಚ್ಚು ಯುಕ್ತವಾಗಿದೆ.

ಯೆಫ್ತಾಹನ ತಾಯಿ ವೇಶ್ಯೆಯಾಗಿದ್ದಳೆಂದು ವೇದವು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ತಂದೆಯ ಧರ್ಮಪತ್ನಿಯಲ್ಲಿ ಹುಟ್ಟಿದ ಮಕ್ಕಳು ದೊಡ್ಡವರಾದಾಗ, ನಮ್ಮ ಮನೆಯ ಸ್ವಾಸ್ತ್ಯದಲ್ಲಿ ನಿನಗೆ ಪಾಲಿಲ್ಲವೆಂದು ಅವನನ್ನು ಹೊರಡಿಸಿಬಿಟ್ಟರು. ತಾನು ಮಾಡದ ತಪ್ಪಿಗೆ ಹುಡುಗನು ದಂಡ ತೆತ್ತನು. ಅಮ್ಮೋನಿಯರು ಯುದ್ಧಕ್ಕೆ ಬಂದಾಗಲಾದರೋ ಅದೇ ಊರ ಹಿರಿಯರು ಅವನ ಬಳಿಗೆ ಹೋಗಿ ನಮಗೆ ನಾಯಕನಾಗೆಂದು ಬೇಡಿಕೊಂಡರು. ಹೊರಟವನು ಒಂದು ಹರಕೆ ಹೊತ್ತನು. ಜಯ ಹೊಂದಿ ತಿರುಗಿ ಬಂದರೆ ತನ್ನ ಮನೆಯ ಬಾಗಲಿಂದ ಮೊದಲು ಎದುರುಗೊಳ್ಳಲು ಬರುವದನ್ನು ಸಮರ್ಪಿಸುವೆನೆಂದನು. ಜಯವೂ ಆಯಿತು. ಬಾಗಲಿಂದ ಹೊರಟವಳು ಅವನ ಒಬ್ಬಳೇ ಮಗಳು. ದಮ್ಮಡಿ ಬಡಿಯುತ್ತ, ಕುಣಿಯುತ್ತ, ಅಪ್ಪ ಬಂದನೆಂಬ ಸಂತೋಷದಿಂದ ಬಂದಳು. ಆಗ ತಂದೆಯು ಬಟ್ಟೆ ಹರಕೊಂಡು ಏನು ಹೇಳಿದನು, ನೋಡಿರಿ. ನೀನೇ ನನ್ನನ್ನು ಕುಗ್ಗಿಸಿದಿಯೆಂದು ಮಗಳ ಮೇಲೆಯೇ ಹೊರಿಸಿದನು. ಹರಕೆ ಹೊತ್ತವನು ಅವನು, ಬಾಗಲಿಗೆ ಬಂದದ್ದು ಅವಳ ತಪ್ಪು! ಆ ಹುಡುಗಿಯಾದರೋ ಎರಡು ತಿಂಗಳು ಕಾಲ ಕೇಳಿಕೊಂಡು ಗೆಳತಿಯರೊಂದಿಗೆ ಬೆಟ್ಟಗಳಿಗೆ ಹೋಗಿ ಅತ್ತು ತಿರುಗಿ ಬಂದಳು. ಅವಳ ಹೆಸರನ್ನು ಸಹ ಯಾರೂ ಬರೆದಿಡಲಿಲ್ಲ.

ಅವಳಿಗೆ ಆಮೇಲೆ ಏನಾಯಿತೆಂಬದರ ವಿಷಯದಲ್ಲಿ ವ್ಯಾಖ್ಯಾನಕಾರರು ಒಮ್ಮತವಾಗಿಲ್ಲ. ಆ ಚರ್ಚೆ ನಮಗೆ ಬೇಡ. ನಮಗೆ ಬೇಕಾದದ್ದು ಇಷ್ಟೇ: ಆ ಹುಡುಗಿಯನ್ನು ದೇವರು ಕೇಳಿದನೆಂದು ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. ಮತ್ತೂ ಯಾಜಕಕಾಂಡದ 27ನೆಯ ಅಧ್ಯಾಯವನ್ನು ತೆರೆದರೆ, ಮನುಷ್ಯರನ್ನು ಹರಕೆಯಾಗಿ ಹೊತ್ತವರು ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳುವ ಏರ್ಪಾಡು ಅಲ್ಲಿ ಕಾಣುತ್ತದೆ. 5 ವರುಷದಿಂದ 20 ವರುಷದ ವರೆಗಿನ ಹೆಣ್ಣಿಗೆ 10 ಶೆಕೆಲ್ ಎಂದು ಕ್ರಯವನ್ನೂ ಗೊತ್ತುಮಾಡಿದೆ. ಊರಲ್ಲಿ ಹಿರಿಯರಿದ್ದರು, ಯಾಜಕರಿದ್ದರು. ಎರಡು ತಿಂಗಳು ಕಾಲವೂ ಇತ್ತು. ಒಬ್ಬನಾದರೂ ಆ ಮನೆಯ ಬಾಗಲಿಗೆ ಹೋಗಿ ಹೀಗೊಂದು ದಾರಿ ಉಂಟೆಂದು ಹೇಳಿದ್ದು ನಮಗೆ ಕಾಣುವದಿಲ್ಲ.

ಇದು ಇಸ್ರಾಯೇಲ್ಯರ ಪುರಾತನ ಕಾಲದ ಮಾತು, ನಮಗೇನೆಂದು ಯಾರಾದರೂ ಕೇಳಾರು. ನಮ್ಮ ಸೀಮೆಯವರು ಹಾಗೆ ಕೇಳಬಾರದು. ಬಸವಿ ಬಿಡುವದು, ಮುತ್ತು ಕಟ್ಟುವದು, ದೇವರಿಗೆ ಬಿಡುವದು ಎಂಬ ಮಾತುಗಳು ನಮ್ಮ ಅಜ್ಜಿಯರ ಬಾಯಲ್ಲಿ ಇದ್ದವು, ಕೆಲವು ಮನೆಗಳಲ್ಲಿ ಇನ್ನೂ ಇವೆ. ಗಂಡು ಮಕ್ಕಳಿಲ್ಲದ ತಂದೆತಾಯಿಗಳು ಮುಪ್ಪಿನಲ್ಲಿ ಅನ್ನ ಹಾಕುವದಕ್ಕೆ ಮಗಳನ್ನು ಬಸವಿ ಬಿಟ್ಟು ಮನೆಯಲ್ಲಿಯೇ ಇಟ್ಟುಕೊಂಡರು. ಮನೆಯಲ್ಲಿ ರೋಗ ಬಂದಾಗ, ಕೂಸುಗಳು ಒಂದಾದ ಮೇಲೊಂದು ತೀರಿಹೋದಾಗ, ಉಳಿದದ್ದನ್ನು ಉಳಿಸೆಂದು ಹರಕೆ ಹೊತ್ತರು. ಎಣ್ಣೆ ಕಾಣದೆ, ಬಾಚಣಿಗೆ ಕಾಣದೆ ಹುಡುಗಿಯ ಕೂದಲು ಗಂಟಾದರೆ ಅದು ಜಡೆ, ಅಮ್ಮನು ಕರೆದಿದ್ದಾಳೆಂದರು. ಹೀಗೆ ಬಿಡಲ್ಪಟ್ಟವರು ಬಹುತೇಕವಾಗಿ ನಮ್ಮ ಕೇರಿಗಳ ಹುಡುಗಿಯರೇ. ಹೊಲವುಳ್ಳ ದೊಡ್ಡ ಮನೆಯವರು ತಮ್ಮ ಹೆಣ್ಣು ಮಕ್ಕಳನ್ನು ಬಿಟ್ಟದ್ದು ಅಪರೂಪ; ಬಡವರು ಬಿಟ್ಟವರನ್ನು ಉಪಯೋಗಿಸಿಕೊಂಡವರು ಮಾತ್ರ ಅವರಲ್ಲಿ ಅನೇಕರಿದ್ದರು. ನೆರೆಯವರ ಪೂಜೆಯನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಮಗುವನ್ನು ಬೆಲೆಯಾಗಿ ಕೊಡುವದು ಯಾರ ಹೆಸರಿನಲ್ಲಿ ನಡೆದರೂ ಅದು ಮಗುವಿಗೆ ಮಾಡಿದ ಅನ್ಯಾಯವೆಂದೇ ನಮ್ಮ ಮಾತು.

ಇದನ್ನು ತಡೆಯುವ ಕಾನೂನು ಹೊಸದಲ್ಲ. ನಮ್ಮ ಈ ಸೀಮೆಯು ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದಾಗಲೇ, 1947ರಲ್ಲಿ, ಹೆಣ್ಣು ಮಕ್ಕಳನ್ನು ದೇವರಿಗೆ ಬಿಡಬಾರದೆಂಬ ಕಾನೂನು ಆ ಪ್ರಾಂತ್ಯದಲ್ಲಿ ಹುಟ್ಟಿತು. ಅದಕ್ಕಾಗಿ ಬಹುಕಾಲ ಹೋರಾಡಿದವರು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು. ಅವರ ತಾಯಿಯೂ ದೇವದಾಸಿ ಕುಲದಿಂದ ಬಂದವರು. ಮಗಳು ಓದಿ ವೈದ್ಯೆಯಾದರು, 1927ರಲ್ಲಿ ಮದ್ರಾಸಿನ ಶಾಸನಸಭೆಯನ್ನು ಸೇರಿದರು. 1953ನೆಯ ಅಕ್ಟೋಬರ್ 1ರಂದು ಈ ಸೀಮೆಯು ಮೈಸೂರಿಗೆ ಸೇರಿತು. ಕರ್ನಾಟಕದಲ್ಲಿ 1982ರ ಕಾಯಿದೆಯು ಬಂತು. ಅದರ ಪ್ರಕಾರ ಹುಡುಗಿಯನ್ನು ಬಿಡುವ ಕಾರ್ಯ ನಡಿಸಿದವರಿಗೆ 3 ವರುಷದ ವರೆಗೂ, ತಂದೆತಾಯಿಗಳೇ ಸೇರಿದ್ದರೆ 5 ವರುಷದ ವರೆಗೂ ಸೆರೆವಾಸ. ಆದಾಗ್ಯೂ ಸರಕಾರವು 1993-94ರಲ್ಲಿ ಎಣಿಸಿದಾಗ ರಾಜ್ಯದಲ್ಲಿ 22,873 ಮಂದಿಯೂ, 2007-08ರಲ್ಲಿ ಮತ್ತೆ ಎಣಿಸಿದಾಗ ಇನ್ನೂ 23,787 ಮಂದಿಯೂ ಸಿಕ್ಕಿದರು. ಎಣಿಕೆಗೆ ಸಿಕ್ಕಿದವರಲ್ಲಿ ಬಹು ಮಂದಿ ನಮ್ಮ ಬಳ್ಳಾರಿ ಸೀಮೆಯಂಥ ಉತ್ತರದ ಜಿಲ್ಲೆಗಳವರು. ಈಗ ಹರಪನಹಳ್ಳಿ ಸೀಮೆಯ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಾದಾಗ ಪೋಲೀಸರೂ ಅಧಿಕಾರಿಗಳೂ ಕಾವಲು ನಿಲ್ಲುತ್ತಾರೆ. ಆದದರಿಂದ ಜನರೆದುರಿಗೆ ನಡೆಯುತ್ತಿದ್ದದ್ದು ರಾತ್ರಿವೇಳೆ ಮನೆಯೊಳಗೆ ಸೇರಿಕೊಂಡಿದೆ. ಮನೆಯೊಳಗೆ ನಡೆಯುವದನ್ನು ಪೋಲೀಸರು ಹೇಗೆ ಕಾಣುವರು? ನೆರೆಮನೆಯವರು ಕಾಣುವರು. ಆ ನೆರೆಮನೆಯವರು ನಾವು.

ಇಲ್ಲಿ ನಮ್ಮ ಸಭೆಯವರು, ನಾವು ಕರ್ತನ ಹೆಸರನ್ನು ತೆಗೆದುಕೊಂಡವರು, ಅವುಗಳನ್ನೆಲ್ಲಾ ಬಿಟ್ಟು ಮೂರು ತಲೆಯಾಯಿತು ಎಂದು ಹೇಳುವರು. ದೇವರಿಗೆ ಸ್ತೋತ್ರ. ಆದರೆ ಎರಡು ಸಂಗತಿಗಳನ್ನು ವಿಚಾರಿಸಬೇಕಾಗಿದೆ.

ಮೊದಲನೆಯದು, ಬಿಡಲ್ಪಟ್ಟ ಹೆಣ್ಣುಮಗಳ ಮಕ್ಕಳು ನಮ್ಮ ಆರಾಧನೆಗೆ ಬಂದರೆ ನಾವು ಅವರನ್ನು ಎಲ್ಲಿ ಕೂರಿಸುತ್ತೇವೆ? ದೀಕ್ಷಾಸ್ನಾನದ ದಫ್ತರದಲ್ಲಿ ತಂದೆಯ ಹೆಸರಿನ ಕಲಮು ಬಂದಾಗ ತಾಯಿಯು ತಲೆ ತಗ್ಗಿಸುವದನ್ನು ನಾವು ಕಂಡಿದ್ದೇವೆ. ಹಿಂದೆ ಕೂತವರು ಒಬ್ಬರನ್ನೊಬ್ಬರು ನೋಡಿಕೊಂಡದ್ದನ್ನೂ ಕಂಡಿದ್ದೇವೆ. ಯೆಫ್ತಾಹನ ಅಣ್ಣತಮ್ಮಂದಿರು ಮಾಡಿದ್ದಕ್ಕೂ ಇದಕ್ಕೂ ಎಷ್ಟು ದೂರ? 2025ರಲ್ಲಿ ರಾಜ್ಯದ ವಿಧಾನಮಂಡಲವು ಅಂಗೀಕರಿಸಿದ ಹೊಸ ದೇವದಾಸಿ ವಿಧೇಯಕದಲ್ಲಿ, ಇಂಥ ಮಕ್ಕಳು ತಂದೆಯ ಹೆಸರಿಲ್ಲದ ಕಾರಣದಿಂದ ಹಕ್ಕು ಕಳಕೊಳ್ಳಬಾರದೆಂದು ಬರೆದದೆ. ಸರಕಾರದ ಕಾಗದವು ಇಷ್ಟು ದಯೆ ತೋರಿಸಿದ ಮೇಲೆ ಸಭೆಯ ದಫ್ತರವು ಹಿಂದೆ ಬೀಳುವದು ನಾಚಿಕೆಗೇಡು. ತಾಯಿಯ ಹೆಸರೊಂದೇ ಸಾಕು, ಬರೆಯಿರಿ.

ಎರಡನೆಯ ಸಂಗತಿ ಮದುವೆಯದು. ಮುತ್ತು ಕಟ್ಟುವದನ್ನು ಬಿಟ್ಟವರೆಲ್ಲ ಮಗಳನ್ನು ಬೆಲೆಯಾಗಿ ಕೊಡುವದನ್ನು ಬಿಟ್ಟಿದ್ದಾರೆಂದು ಹೇಳಲಾರೆವು. ಇದರಲ್ಲಿ ನಮ್ಮದೇ ತಪ್ಪೊಂದನ್ನು ಅರಿಕೆಮಾಡಬೇಕಾಗಿದೆ.

ಕೆಲವು ವರುಷಗಳ ಹಿಂದೆ ನಮ್ಮ ಸಭೆಯ ಒಂದು ಮನೆಯಲ್ಲಿ ನಿಶ್ಚಿತಾರ್ಥಕ್ಕೆ ಕರೆ ಬಂತು. ಮಳೆ ಹೋಗಿತ್ತು, ಶೇಂಗಾ ಕೈಗೆ ಹತ್ತಿರಲಿಲ್ಲ, ಮನೆಯವರು ಗುಳೆ ಹೊರಡುವದಕ್ಕೆ ಸಿದ್ಧವಾಗಿದ್ದರು. ಬೆಳೆದ ಹುಡುಗಿಯನ್ನು ಬೆಂಗಳೂರಿನ ಕಟ್ಟಡದ ಕೆಲಸದ ಗುಡಿಸಲಿಗೆ ಕರಕೊಂಡು ಹೋಗುವದಕ್ಕೆ ಭಯ, ಊರಲ್ಲಿ ಮುದುಕಿಯ ಬಳಿ ಬಿಟ್ಟುಹೋಗುವದಕ್ಕೆ ಅದಕ್ಕಿಂತ ಭಯ. ಒಳ್ಳೆಯ ಸಂಬಂಧ ಬಂದಿದೆ, ಒಂದು ಕಡೆ ಮುಟ್ಟಿಸಿದರೆ ನಿಶ್ಚಿಂತೆ, ಅಂದರು. ನಾವು ಹೋದೆವು, ಪ್ರಾರ್ಥನೆ ಮಾಡಿದೆವು, ಜೋಳದ ರೊಟ್ಟಿಯನ್ನೂ ಎಣ್ಣೆಗಾಯಿ ಪಲ್ಯವನ್ನೂ ಉಂಡೆವು. ಹುಡುಗಿಗೆ ಎಷ್ಟು ವರುಷವೆಂದು ಕೇಳಲಿಲ್ಲ. ಕೇಳಿದರೆ ಉತ್ತರವೇನು ಬರುವದೋ ಎಂಬ ಅನುಮಾನ ಮನಸ್ಸಿನಲ್ಲಿದ್ದದರಿಂದಲೇ ಕೇಳಲಿಲ್ಲ. ಅವಳು ಒಂಭತ್ತನೆಯ ತರಗತಿಯಲ್ಲಿದ್ದಳು. ಮದುವೆಯನ್ನು ನಮ್ಮ ದೇವಾಲಯದಲ್ಲಿ ಮಾಡದೆ ಬೇರೆ ಊರಲ್ಲಿ ಮಾಡಿಕೊಂಡರು. ಹಾಗಾಗಿ ನಮ್ಮ ದಫ್ತರವು ಶುದ್ಧವಾಗಿಯೇ ಉಳಿಯಿತು. ದಫ್ತರವು ಶುದ್ಧವಾಗಿದ್ದರೆ ಕೈಗಳೂ ಶುದ್ಧವೆಂದು ನಾವು ಕೆಲವು ತಿಂಗಳು ನಂಬಿಕೊಂಡಿದ್ದೆವು.

ಕಾನೂನು ಏನು ಹೇಳುತ್ತದೆಂಬದನ್ನು ಸಭೆಯವರು ತಿಳುಕೊಂಡಿರಬೇಕು. 1929ರ ಶಾರದಾ ಕಾಯಿದೆಯಲ್ಲಿ ಹುಡುಗಿಗೆ 14 ವರುಷವಾಗಿರಬೇಕೆಂದಿತ್ತು. 1872ರ ಕ್ರೈಸ್ತ ವಿವಾಹ ಕಾಯಿದೆಯಲ್ಲಿ ನಮ್ಮವರಿಗೆ ಅದಕ್ಕಿಂತಲೂ ಕಡಿಮೆ ಪ್ರಾಯವನ್ನೇ ಬರೆದಿತ್ತು. 1978ರಲ್ಲಿ ಎರಡನ್ನೂ ತಿದ್ದಿ ಹೆಣ್ಣಿಗೆ 18, ಗಂಡಿಗೆ 21 ಎಂದು ಮಾಡಿದರು. ಈಗ ನಡೆಯುವದು 2006ರ ಕಾಯಿದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಇಂಥ ಮದುವೆಯು ನಡೆದರೂ ನಡೆಯದ ಹಾಗೆಯೇ. ಅದನ್ನು ನಡಿಸಿದವರಿಗೂ ಸಹಾಯಮಾಡಿದವರಿಗೂ 2 ವರುಷದ ವರೆಗೆ ಕಠಿಣ ಸೆರೆ, 1 ಲಕ್ಷ ರೂಪಾಯಿಯ ವರೆಗೆ ದಂಡ. ಇದರಲ್ಲಿ ಪುರೋಹಿತನೆಂದೂ ಸಭಾಪಾಲಕನೆಂದೂ ಭೇದವಿಲ್ಲ. ಇಷ್ಟಿದ್ದರೂ 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ 20ರಿಂದ 24 ವರುಷದ ಸ್ತ್ರೀಯರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮುಂಚೆಯೇ ಮದುವೆಯಾಗಿತ್ತೆಂದು ಕಂಡುಬಂತು. ಐವರಲ್ಲಿ ಒಬ್ಬಳು. ನಮ್ಮ ಭಾನುವಾರದ ಆರಾಧನೆಯಲ್ಲಿ ಹೆಂಗಸರ ಕಡೆಯ ಚಾಪೆಯ ಮೇಲೆ ಕಣ್ಣಾಡಿಸಿದರೆ ಈ ಲೆಕ್ಕವು ಹೆಚ್ಚೆಂದು ನಮಗೆ ತೋರುವದಿಲ್ಲ.

ಇನ್ನು ಯಾಯೀರನ ಕಡೆಗೆ ತಿರುಗೋಣ.

ಅವನು ಊರಲ್ಲಿ ದೊಡ್ಡವನು. ಯೇಸು ಸ್ವಾಮಿಯನ್ನು ಅಧಿಕಾರಿಗಳಲ್ಲಿ ಅನೇಕರು ಸಂಶಯದಿಂದ ನೋಡುತ್ತಿದ್ದ ಕಾಲವದು. ಆದರೂ ಅವನು ಜನರ ಗುಂಪಿನ ಮಧ್ಯದಲ್ಲಿ ಹೋಗಿ ಆತನ ಪಾದಕ್ಕೆ ಬಿದ್ದು, ನನ್ನ ಮಗಳು ಸಾಯುತ್ತಾಳೆ, ಬಾ, ಎಂದು ಬಹಳವಾಗಿ ಬೇಡಿಕೊಂಡನು. ಹುಡುಗಿಗೆ ಹನ್ನೆರಡು ವರುಷ. ಅವನು ಹರಕೆ ಹೊತ್ತುಕೊಂಡು ಮನೆಯಲ್ಲಿ ಕೂತಿರಲಿಲ್ಲ; ಸಹಾಯವಿದ್ದಲ್ಲಿಗೆ ಎದ್ದು ಹೋದನು. ಮಗಳನ್ನು ಬೆಲೆಯಾಗಿ ಕೊಟ್ಟು ತನ್ನ ಮಾನವನ್ನು ಉಳಿಸಿಕೊಳ್ಳಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಹರಕೆಯು ಹುಟ್ಟಿದ್ದು ಬಹಳ ಮಟ್ಟಿಗೆ ಔಷಧವಿಲ್ಲದ್ದರಿಂದ. ಆಸ್ಪತ್ರೆಯು ಹತ್ತು ಹರದಾರಿ ದೂರವಿದ್ದಾಗ, ಬಂಡಿ ಹೂಡಿ ಮುಟ್ಟುವದರೊಳಗೆ ಕೂಸು ತೀರಿಹೋಗುತ್ತಿದ್ದಾಗ, ತಾಯಿಯು ಮತ್ತೇನು ಮಾಡಿಯಾಳು? ಅವಳ ಮೇಲೆ ನಾವು ಕಲ್ಲೆತ್ತುವದಿಲ್ಲ. ಆದರೆ ಈಗ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ, 108ಕ್ಕೆ ಕರೆದರೆ ಗಾಡಿ ಬರುತ್ತದೆ, ಆಶಾ ಕಾರ್ಯಕರ್ತೆಯು ಊರಲ್ಲಿಯೇ ಇದ್ದಾಳೆ. 2013ರಿಂದ ವೈದ್ಯರ ತಂಡಗಳು ವರುಷಕ್ಕೆರಡು ಸಾರಿ ಅಂಗನವಾಡಿಗೂ ಒಂದು ಸಾರಿ ಸರಕಾರಿ ಶಾಲೆಗೂ ಹೋಗಿ ಹುಟ್ಟಿದಂದಿನಿಂದ 18 ವರುಷದ ವರೆಗಿನ ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಾಗಿದೆ. ಹೃದಯದಲ್ಲಿ ರಂಧ್ರವಿದ್ದರೂ ತುಟಿ ಸೀಳಿದ್ದರೂ ಕಾಲು ಸೊಟ್ಟಾಗಿದ್ದರೂ ಕಿವಿ ಕೇಳದಿದ್ದರೂ ಅಲ್ಲಿ ಕಂಡುಹಿಡಿದು ದೊಡ್ಡ ಆಸ್ಪತ್ರೆಗೆ ಕಳುಹಿಸಿ ಉಚಿತವಾಗಿ ಚಿಕಿತ್ಸೆ ಮಾಡಿಸುವರು. ಆ ದಿನ ಮಗುವನ್ನು ಹೊಲಕ್ಕೆ ಕರಕೊಂಡು ಹೋಗಬೇಡಿರಿ. ತಂಡದವರು ಬರಲಿಲ್ಲವಾದರೆ ಯಾಕೆ ಬರಲಿಲ್ಲವೆಂದು ಪಂಚಾಯಿತಿಯಲ್ಲಿ ಕೇಳಿರಿ. ಮಕ್ಕಳ ಗ್ರಾಮಸಭೆಯೆಂದು ವರುಷಕ್ಕೊಮ್ಮೆ ಕೂಡಿಸಬೇಕೆಂಬ ಕ್ರಮವಿದೆ, ಅಲ್ಲಿ ಮಕ್ಕಳೇ ಕೇಳಬಹುದು. ಬೇಡಿಕೊಳ್ಳುವದಕ್ಕೆ ಯಾಯೀರನು ನಾಚಲಿಲ್ಲ. ಕೂಲಿಯವರಾದ ನಮಗೆ ಕಛೇರಿಯ ಮೆಟ್ಟಲು ಎತ್ತರವಾಗಿ ಕಾಣುವದು ನಿಜ. ಒಬ್ಬರೇ ಹೋಗದೆ ಸಭೆಯ ಹಿರಿಯರಿಬ್ಬರನ್ನು ಜೊತೆಗೆ ಕರಕೊಂಡು ಹೋಗಿರಿ.

ಯೇಸು ಸ್ವಾಮಿಯು ಯಾಯೀರನ ಸಂಗಡ ಹೋಗುತ್ತಿರುವಾಗ ದಾರಿಯಲ್ಲಿ ಒಬ್ಬ ಸ್ತ್ರೀಯು ಹಿಂದಿನಿಂದ ಬಂದು ಆತನ ಬಟ್ಟೆಯನ್ನು ಮುಟ್ಟಿದಳು. ಹನ್ನೆರಡು ವರುಷ ರಕ್ತ ಹೋಗುತ್ತಿದ್ದವಳು. ಹುಡುಗಿಯು ಎಷ್ಟು ವರುಷ ಬದುಕಿದ್ದಳೋ ಅಷ್ಟು ವರುಷ ಇವಳು ಕಷ್ಟಪಟ್ಟಿದ್ದಳು. ನಾಚಿಕೆಯಿಂದ ಯಾರಿಗೂ ಹೇಳಲಾರದೆ ಗುಂಪಿನಲ್ಲಿ ಅಡಗಿ ಬಂದಳು. ನಮ್ಮ ಮನೆಗಳ ಹೆಣ್ಣು ಮಕ್ಕಳೂ ಮೈನೆರೆದ ಮೇಲೆ ಹೀಗೆಯೇ ಬಾಯಿ ಕಟ್ಟಿಕೊಳ್ಳುತ್ತಾರೆ. ಹೆಚ್ಚು ರಕ್ತ ಹೋದರೂ ಹೊಟ್ಟೆನೋವಿನಿಂದ ಮುದುರಿಕೊಂಡರೂ ಅವ್ವನಿಗೆ ಸಹ ಹೇಳುವದಿಲ್ಲ. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ, ಕರ್ನಾಟಕದ 15ರಿಂದ 19 ವರುಷದ ಹುಡುಗಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯುಂಟೆಂದು ಕಂಡಿತು. ಮುಖ ಬಿಳುಪು, ಮೆಟ್ಟಲು ಹತ್ತಿದರೆ ಏದುಸಿರು, ಪಾಠದಲ್ಲಿ ತೂಕಡಿಕೆ. ಇದನ್ನು ಸೋಮಾರಿತನವೆಂದು ಬೈಯುವ ತಾಯಂದಿರನ್ನು ನಾವು ಬಲ್ಲೆವು. ಬೆಳೆಯುವ ಮೈಗೆ ರಕ್ತ ಹೆಚ್ಚು ಬೇಕು. ತಿಂಗಳು ತಿಂಗಳು ಹೋಗುವದು ಒಂದು ಕಡೆ, ಬರಿಗಾಲಿನಲ್ಲಿ ಬಯಲಿಗೆ ಹೋದಾಗ ಮಣ್ಣಿನಿಂದ ಚರ್ಮದೊಳಗೆ ಹೊಕ್ಕ ಕೊಕ್ಕೆಹುಳುಗಳು ಕರುಳಿನಲ್ಲಿ ಕೂತು ಹೀರುವದು ಇನ್ನೊಂದು ಕಡೆ. ಶಾಲೆಯಲ್ಲಿ ಹತ್ತು ವರುಷ ದಾಟಿದವರಿಗೆ ವಾರಕ್ಕೊಂದು ನೀಲಿ ಗುಳಿಗೆ ಕೊಡುವರು, ಅದು ಕಬ್ಬಿಣಾಂಶದ್ದು. ಹೊಟ್ಟೆ ತೊಳಸುತ್ತದೆಂದು ಬೇಲಿಯಾಚೆ ಎಸೆಯುವ ಮಕ್ಕಳುಂಟು. ಬರೀ ಹೊಟ್ಟೆಯಲ್ಲಿ ನುಂಗದೆ ಊಟವಾದ ಮೇಲೆ ನುಂಗಿದರೆ ತೊಳಸುವದು ಕಡಿಮೆಯಾಗುತ್ತದೆ. ಮಲವು ಕಪ್ಪಾದರೆ ಹೆದರುವ ಕಾರಣವಿಲ್ಲ. ಜಂತುಹುಳುವಿನ ಗುಳಿಗೆಯನ್ನು ಫೆಬ್ರವರಿ ಹಾಗೂ ಆಗಸ್ಟ್ ತಿಂಗಳುಗಳ 10ರ ಸುಮಾರಿಗೆ ಕೊಡುತ್ತಾರೆ. ಶಾಲೆ ಬಿಟ್ಟ ಹುಡುಗಿಯು ಅಂಗನವಾಡಿಗೆ ಹೋಗಿ ಕೇಳಿದರೆ ಅವಳಿಗೂ ಸಿಗುತ್ತದೆ. ಉಂಡ ಕೂಡಲೇ ಚಹಾ ಕುಡಿಯುವ ಅಭ್ಯಾಸವನ್ನು ಮಾತ್ರ ಬಿಡಬೇಕು. ಅದು ಊಟದ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವದಿಲ್ಲ. ಅದಕ್ಕೆ ಬದಲು ಒಂದು ಹೋಳು ನಿಂಬೆಹಣ್ಣು ಹಿಂಡಿಕೊಳ್ಳಲಿ.

ಆ ಸ್ತ್ರೀಯ ಸಂಗಡ ಮಾತಾಡಿ ಮುಗಿಸುವದರೊಳಗೆ ಯಾಯೀರನ ಮಗಳು ಸತ್ತಳೆಂಬ ಸುದ್ದಿ ಬಂತು. ಮನೆಗೆ ಹೋಗಿ ನೋಡಿದರೆ ಗೋಳಾಡುವವರ ಗದ್ದಲ. ಸತ್ತಿಲ್ಲ, ನಿದ್ದೆ ಮಾಡುತ್ತಾಳೆಂದು ಸ್ವಾಮಿಯು ಹೇಳಲು ಅವರು ನಕ್ಕರು, ಅತ್ತವರೇ ನಕ್ಕರು. ಆಗ ಆತನು ಮೊದಲು ಮಾಡಿದ ಕೆಲಸವೇನು? ಎಲ್ಲರನ್ನೂ ಹೊರಗೆ ಕಳುಹಿಸಿದನು. ತಂದೆ, ತಾಯಿ, ತನ್ನ ಮೂವರು ಶಿಷ್ಯರು, ಇಷ್ಟೇ ಮಂದಿ ಒಳಗೆ. ಆಮೇಲೆ ಇದನ್ನು ಯಾರಿಗೂ ಹೇಳಬಾರದೆಂದು ಖಂಡಿತವಾಗಿ ಅಪ್ಪಣೆಕೊಟ್ಟನು.

ಈ ಮಾತನ್ನು ನಾವು ಮುಖ್ಯವಾಗಿ ಒಂದು ಕಷ್ಟಕರವಾದ ಸಂಗತಿಗೆ ಅನ್ವಯಿಸಿ ಹೇಳಬೇಕಾಗಿದೆ. ಒಬ್ಬ ಹುಡುಗಿಯನ್ನಾಗಲಿ ಹುಡುಗನನ್ನಾಗಲಿ ಯಾರಾದರೂ ಕೆಡಿಸಿದರೆ ನಮ್ಮ ಹಳ್ಳಿಗಳಲ್ಲಿ ನಡೆಯುವದೇನು? ಊರೆಲ್ಲ ಮನೆಯ ಮುಂದೆ ಕೂಡುವದು, ಮಗುವಿನ ಹೆಸರು ನಲ್ಲಿಯ ಬಳಿಯಲ್ಲಿಯೂ ಬಸ್ಸಿನಲ್ಲಿಯೂ ಕೇಳಬರುವದು. ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತು ದಂಡ ಹಾಕಿ ಮುಗಿಸುವದು; ಇಲ್ಲವೇ ಕೆಡಿಸಿದವನಿಗೇ ಕಟ್ಟಿಬಿಡಿರೆಂದು ಬುದ್ಧಿ ಹೇಳುವದು. ಗೋಳಾಡುವವರನ್ನು ಸ್ವಾಮಿಯು ಹೊರಗೆ ಕಳುಹಿಸಿದ ಹಾಗೆ ಇವರನ್ನೂ ಹೊರಗೆ ಕಳುಹಿಸಿರಿ. 2012ನೆಯ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೋ ಕಾಯಿದೆಯು, 18 ವರುಷದೊಳಗಿನ ಮಕ್ಕಳ ಮೇಲೆ ಇಂಥದು ನಡೆದರೆ ರಾಜಿಯೆಂಬದೇ ಇಲ್ಲವೆನ್ನುತ್ತದೆ. ತಿಳಿದವನು ಪೋಲೀಸರಿಗೆ ತಿಳಿಸಲೇಬೇಕು. ತಿಳಿದೂ ಮುಚ್ಚಿಟ್ಟವನಿಗೆ 6 ತಿಂಗಳ ವರೆಗೆ ಸೆರೆ. ಹಾಸ್ಟೆಲಿನ ಮೇಲ್ವಿಚಾರಕರಾಗಲಿ ಸಭಾಪಾಲಕರಾಗಲಿ ಇದಕ್ಕೆ ಹೊರತಲ್ಲ; ಸಂಸ್ಥೆಯ ಹೆಸರು ಕೆಟ್ಟೀತೆಂದು ತನ್ನ ಕೈಕೆಳಗಿನವನ ತಪ್ಪನ್ನು ಮುಚ್ಚಿದ ಮುಖ್ಯಸ್ಥನಿಗೆ ಶಿಕ್ಷೆಯು 1 ವರುಷದ ವರೆಗೆ ಆದೀತು. ಅದೇ ಕಾಯಿದೆಯು ಮಗುವಿಗೆ ಮರೆಯನ್ನೂ ಕೊಟ್ಟಿದೆ. ಹೆಸರನ್ನೂ ಊರನ್ನೂ ಪತ್ರಿಕೆಯಲ್ಲಿ ಹಾಕಕೂಡದು. ಹೇಳಿಕೆಯನ್ನು ಮಗುವಿನ ಮನೆಯಲ್ಲಿಯೇ, ಸಾಧ್ಯವಾದ ಮಟ್ಟಿಗೆ ಹೆಣ್ಣು ಅಧಿಕಾರಿಯು ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು. ಹುಡುಗಿಯನ್ನು ಪರೀಕ್ಷಿಸುವದು ವೈದ್ಯೆಯೇ ಆಗಿರಬೇಕು, ತಾಯಿಯಾಗಲಿ ಅವಳು ನಂಬಿದ ಬೇರೊಬ್ಬರಾಗಲಿ ಹತ್ತಿರ ಇರಬೇಕು. ಸರಕಾರದ್ದಾಗಲಿ ಖಾಸಗಿಯವರದ್ದಾಗಲಿ ಯಾವ ಆಸ್ಪತ್ರೆಯೂ ಇಂಥ ಮಗುವಿಗೆ ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಸ್ಟೇಷನಿಗೆ ಹೋಗುವದಕ್ಕೆ ಧೈರ್ಯ ಸಾಲದವರು ಮಕ್ಕಳ ಸಹಾಯವಾಣಿಯಾದ 1098ಕ್ಕೆ ಮಾತಾಡಬಹುದು, ಹಣ ಬೀಳುವದಿಲ್ಲ. ಮಕ್ಕಳೇ ಮಾತಾಡಿದರೂ ಕೇಳಿಕೊಳ್ಳುವರು.

ಇಲ್ಲಿ ಒಂದು ತೊಡಕುಂಟು, ಅದನ್ನು ಮರೆಮಾಜಿ ಹೇಳುವದು ಸರಿಯಲ್ಲ. 18 ತುಂಬದ ಹುಡುಗಿಯು ಬಸುರಾಗಿ ಆಸ್ಪತ್ರೆಗೆ ಬಂದರೆ ವೈದ್ಯರು ಪೋಲೀಸರಿಗೆ ತಿಳಿಸತಕ್ಕದ್ದು. ಮದುವೆಯಾಗಿದೆಯೆಂಬ ನೆಪವು 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಮೇಲೆ ನಡೆಯುವದಿಲ್ಲ. ಇದನ್ನರಿತ ಮನೆಯವರು ಹುಡುಗಿಯನ್ನು ಆಸ್ಪತ್ರೆಗೇ ಕರೆತರುವದಿಲ್ಲ. ತಾಯಿ ಕಾರ್ಡು ಮಾಡಿಸುವದಿಲ್ಲ, ವಯಸ್ಸನ್ನು ಹೆಚ್ಚಾಗಿ ಹೇಳುತ್ತಾರೆ, ಅಥವಾ ಹೆರಿಗೆಯನ್ನು ಮನೆಯಲ್ಲಿಯೇ ಮಾಡಿಸುತ್ತಾರೆ. ಕಾಪಾಡುವದಕ್ಕೆ ಮಾಡಿದ ಕಾನೂನಿಗೆ ಹೆದರಿ ಮಗುವನ್ನು ಸಾವಿನ ಬಾಯಿಗೆ ಒಡ್ಡಿದ ಹಾಗಾಯಿತು. ಯಾಕಂದರೆ ಇನ್ನೂ ಬೆಳೆಯುತ್ತಿರುವ ಹುಡುಗಿಯ ಸೊಂಟದ ಎಲುಬು ಕೂಸಿಗೆ ದಾರಿ ಕೊಡುವಷ್ಟು ಅಗಲವಾಗಿರುವದಿಲ್ಲ. ರಕ್ತದೊತ್ತಡ ಏರಿ ಸೆಳವು ಬರುವ ಭಯವೂ ಈ ವಯಸ್ಸಿನಲ್ಲಿ ಹೆಚ್ಚು. ಮೊದಲೇ ರಕ್ತವಿಲ್ಲದವಳು ಹೆರಿಗೆಯಲ್ಲಿ ರಕ್ತ ಕಳಕೊಂಡರೆ ಉಳಿಯುವದು ಕಷ್ಟ. ಹುಟ್ಟುವ ಕೂಸೂ ತೂಕವಿಲ್ಲದ್ದು. ಹೀಗಿರಲಾಗಿ ನಾವು ಸಭೆಯವರಿಗೆ ಹೇಳುವದೇನೆಂದರೆ, ತಪ್ಪು ನಡೆದುಹೋಗಿದ್ದರೂ ಆಸ್ಪತ್ರೆಯ ಬಾಗಲನ್ನು ಬಿಡಬೇಡಿರಿ. ದೊಡ್ಡವರ ಮೇಲೆ ಮೊಕದ್ದಮೆ ಬಂದರೆ ಬರಲಿ. ಅದು ದೊಡ್ಡವರು ಹೊರಬೇಕಾದ ಭಾರ. ಯೆಫ್ತಾಹನ ಹಾಗೆ ಅದನ್ನು ಮಗಳ ತಲೆಗೆ ಕಟ್ಟಬೇಡಿರಿ.

ಹುಡುಗಿಯು ಎದ್ದು ನಡೆದಾಡಿದಳು. ಎಲ್ಲರೂ ಬೆರಗಾಗಿ ನಿಂತಿರುವಾಗ ಯೇಸು ಸ್ವಾಮಿಯು ಅವಳಿಗೆ ಊಟಕ್ಕೆ ಕೊಡಿರೆಂದು ಹೇಳಿದನು. ಸತ್ತವಳನ್ನು ಎಬ್ಬಿಸಿದವನಿಗೆ ಅವಳ ಹಸಿವು ನೆನಪಿತ್ತು, ತಂದೆತಾಯಿಗಳಿಗೆ ಇರಲಿಲ್ಲ. ನಮ್ಮ ಮನೆಗಳಲ್ಲಿ ಮೊದಲು ಗಂಡಸರು, ಆಮೇಲೆ ಗಂಡು ಮಕ್ಕಳು, ಕೊನೆಗೆ ಅವ್ವನೂ ಮಗಳೂ ಬೋಗುಣಿ ಬಳಿದು ಉಣ್ಣುವದು ರೂಢಿ. ಕೋಳಿ ಕೊಯ್ದ ದಿವಸ ಈಲಿಯು ಯಾರ ತಾಟಿಗೆ ಹೋಗುತ್ತದೆಂದು ನೆನಸಿಕೊಳ್ಳಿರಿ. ರಕ್ತ ಬೇಕಾದದ್ದು ಯಾರಿಗೆ? ನುಗ್ಗೆಸೊಪ್ಪು, ಪುಂಡಿಪಲ್ಯ, ಹೆಸರುಕಾಳು, ಶೇಂಗಾ, ಬೆಲ್ಲ, ಇವು ನಮ್ಮ ಹೊಲದವೇ. ಶಾಲೆಯಲ್ಲಿ 2013ರಿಂದ ಹಾಲು ಕೊಡುತ್ತಾರೆ, ಈಗ ಮೊಟ್ಟೆಯನ್ನೂ ಕೊಡುತ್ತಾರೆ. ಬಿಡಿಸಿ ಮನೆಗೆ ಕರೆತಂದ ಹುಡುಗಿಯು ಮೊದಲು ಕಳಕೊಳ್ಳುವದು ಈ ಮಧ್ಯಾಹ್ನದ ಊಟವನ್ನೇ.

ಆ ನಿಶ್ಚಿತಾರ್ಥದ ಹುಡುಗಿಯನ್ನು ನಾವು ಎರಡನೆಯ ಸಾರಿ ನೋಡಿದ್ದು ಆಸ್ಪತ್ರೆಯೊಂದರ ಪಡಸಾಲೆಯಲ್ಲಿ. ಗೋಡೆಗೆ ಒರಗಿ ಕೂತಿದ್ದಳು. ಕಣ್ಣಿನ ಕೆಳಗಿನ ರೆಪ್ಪೆಯು ಹತ್ತಿಯ ಹಾಗೆ ಬಿಳುಪಾಗಿತ್ತು. ಮಡಿಲಲ್ಲಿ ಎರಡು ಕಿಲೋಗ್ರಾಮೂ ತೂಗದ ಕೂಸು. ಇಬ್ಬರೂ ಬದುಕಿಕೊಂಡರು. ಹುಡುಗನ ಮೇಲೆ ಮೊಕದ್ದಮೆ ನಡೆಯಿತು, ಎರಡು ಮನೆಯವರೂ ಎಮ್ಮೆ ಮಾರಿ ಕೋರ್ಟಿಗೆ ಅಲೆದರು. ನಾವು ಅವಳ ಮುಂದೆ ನಿಂತು ತಪ್ಪಾಯಿತವ್ವಾ ಎಂದು ಹೇಳಿದೆವು. ಅವಳು ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಅಯ್ಯನೋರೇ, ಹತ್ತನೇ ಪರೀಕ್ಷೆ ಮನೀಲಿದ್ಕೊಂಡು ಕಟ್ಟಾಕೆ ಬರ್ತದೇನ್ರೀ?” ಎಂದು ಕೇಳಿದಳು.

ಬರುತ್ತದೆ. ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಅವಳ ಅರ್ಜಿಯನ್ನು ನಮ್ಮ ಸಭೆಯ ಉಪಾಧ್ಯಾಯಿನಿಯೊಬ್ಬರು ತುಂಬಿಸಿಕೊಟ್ಟರು. ಸಾಯಂಕಾಲ ಎರಡು ತಾಸು ಅವಳು ಓದುವಾಗ ಕೂಸನ್ನು ಹಿಡಿದುಕೊಳ್ಳುವದಕ್ಕೆ ಸ್ತ್ರೀಯರ ಸಂಘದವರು ದಿನಕ್ಕೊಬ್ಬರಂತೆ ಸರದಿ ಹಾಕಿಕೊಂಡಿದ್ದಾರೆ. ಬುಧವಾರದ ಸರದಿಯು ಇನ್ನೂ ಖಾಲಿಯಾಗಿದೆ.